ಕೊರಿನ್ ಒಬ್ಬಳಿಗೇ ಕೇಳಿಸಲಿಲ್ಲ!

"ಏಯ್! ಯಾರ್ ನೀನು? ಆ ಟೇಪ್ ಕೆಳಗಿಡು ಮೊದ್ಲು!"

ಕೊರಿನ್ ಕೂಗಿದ ರಭಸಕ್ಕೆ ಬೋಟು ನಿಲ್ಲಿಸುವ ಧಕ್ಕೆಯ ಕಂಬದ ಮೇಲೆ ತೂಕಡಿಸುತ್ತಿದ್ದ ಎರಡು ಪೆಲಿಕನ್‌ಗಳು ಗಾಬರಿಯಾಗಿ ಹಾರಿಹೋದವು.

ಆ ಗಂಡಸು ತಿರುಗಿ ನೋಡಿದ. ತಲೆ ಮೇಲೆ ಹಳದಿ ಹೆಲ್ಮೆಟ್ಟು. ಕೈಯಲ್ಲಿ ಅಳತೆ ಟೇಪು. ಧಕ್ಕೆಯನ್ನು ಈ ತುದಿಯಿಂದ ಆ ತುದಿಗೆ ಆರಾಮಾಗಿ ಅಳೆಯುತ್ತಿದ್ದ!

'ಬಂದೇಬಿಟ್ರಾ...! ಬಂದರು ಮಂಡಳಿಯವ್ರು ಇನ್ನೂ ಓಟೇ ಹಾಕಿಲ್ಲ, ಆಗ್ಲೇ ಅಳತೆಗೆ ಜನ ಕಳಿಸಿದಾರೆ!'

ಕೊರಿನ್‌ಗೆ ಮೈಯೆಲ್ಲ ಉರಿದುಹೋಯಿತು. ದಡದಡ ಬಂದವಳೇ ಅವನ ಕೈಯಿಂದ ಟೇಪು ಕಿತ್ತುಕೊಂಡು ನೀರಿಗೆ ಎಸೆದಳು. ಗುಳುಂ!

"ಹೋಗಿ ನಿಮ್ ಗ್ಯಾಸ್ ಕಂಪನಿಗೆ ಹೇಳು! ಪೆಟಿ ಪಾಸ್ ಧಕ್ಕೆ ಮಾರಾಟಕ್ಕಿಲ್ಲ ಅಂತ!"

ಅವನು ನೀರಿನ ಮೇಲೆದ್ದ ಗುಳ್ಳೆಗಳನ್ನು ನೋಡಿದ. ಆಮೇಲೆ ಅವಳನ್ನು ನೋಡಿದ.

"ಅದು... ನಮ್ ಮಾವನ ಟೇಪು ಮೇಡಂ," ಅಂದ ಮೆಲ್ಲಗೆ. "ನನ್ ಬೋಟು ಇಲ್ಲಿ ಹಿಡಿಯುತ್ತೋ ಇಲ್ವೋ ಅಂತ ನೋಡ್ತಿದ್ದೆ..."

"ಬೋಟಾ? ಯಾವ ಬೋಟು?"

ಅವನು ಕೈ ತೋರಿಸಿದ. ಅಳಿವೆಯ ನೀರಲ್ಲಿ ನಿಂತಿತ್ತು 'ಮಿಸ್ ವೈವಾ'. ಚಳಿಗಾಲದಲ್ಲಿ ತೀರಿಕೊಂಡ ಎಮೈಲ್ ಮುದುಕನ ಸಿಗಡಿ ಬೋಟು!

ಕೊರಿನ್‌ಳ ಕೋಪ ಜರ್‍ರನೆ ಇಳಿಯಿತು. ಆದರೂ ಸೋಲಬಾರದಲ್ಲ!

"ಮತ್ತೆ ಈ ಹೆಲ್ಮೆಟ್ಟು?"

"ಬೋಟಲ್ಲಿ ಮೇಲಿಂದ ಏನೇನೋ ಉದುರ್ತಾ ಇದೆ ಮೇಡಂ. ಬೆಳಗ್ಗೆಯಿಂದ ಎರಡು ರಾಟೆ, ಒಂದು ದೀಪ ನನ್ ತಲೆ ಮೇಲೇ ಬಿದ್ವು."

ಕೊರಿನ್ ತುಟಿ ಕಚ್ಚಿ ನಗು ತಡೆದಳು. ಆಗಲಿಲ್ಲ. ಕಿಸಕ್ಕನೆ ನಕ್ಕುಬಿಟ್ಟಳು!

ಆ ನಗುವಿಗೇ ನೋಡಿ, ದೂರದ ಬಿಲಾಕ್ಸಿ ಊರಿಂದ ಮಾವನ ಬೋಟು ವಹಿಸಿಕೊಳ್ಳಲು ಬಂದಿದ್ದ ವೇಡ್ ಎಂಬ ಆ ಮೂವತ್ತರ ಹುಡುಗ ಬಿದ್ದುಹೋದದ್ದು. ನಮ್ಮೂರವರನ್ನು ಯಾರನ್ನು ಬೇಕಾದರೂ ಕೇಳಿ, ಹೀಗೇ ಹೇಳುತ್ತಾರೆ.

*

ಲೂಸಿಯಾನಾದ ಕಡಲಂಚಿನ ನಮ್ಮ ಪೆಟಿ ಪಾಸ್‌ನಲ್ಲಿ ಸಿಗಡಿ ಇಳಿಸಲು ಮೊದಲು ಎರಡು ಧಕ್ಕೆಗಳಿದ್ದವು. ಗ್ಯಾಸನ್ನು ತಣ್ಣಗೆ ನೀರು ಮಾಡಿ ಹಡಗಿಗೆ ತುಂಬಿ ಹೊರದೇಶಕ್ಕೆ ಕಳಿಸುವ ಕಾರ್ಖಾನೆ ಬಂತು, ಪಡುವಣ ಧಕ್ಕೆ ಅದರ ಹೊಟ್ಟೆಗೆ ಹೋಯಿತು. ಅದರ ಚಿಮಣಿಯ ಬೆಂಕಿಗೆ ರಾತ್ರಿಯೂ ಹಗಲಾಯಿತು. ಹಡಗಿಗೆ ದಾರಿ ಮಾಡಲು ತೋಡಿದ ಕೆಸರು ಬಂದು ಬಲೆಗೆ ಸಿಗಡಿಗಿಂತ ಹೆಚ್ಚು ತುಂಬಿತು.

ಈಗ ಕಾರ್ಖಾನೆ ಇನ್ನೊಂದರಷ್ಟು ದೊಡ್ಡದಾಗಬೇಕಂತೆ! ಉಳಿದ ಒಂದೇ ಧಕ್ಕೆಯೂ ಬೇಕಂತೆ!

ಆ ಧಕ್ಕೆಯ ಮೇಲೆಯೇ ಕೊರಿನ್‌ಳ ತೂಕದ ಶೆಡ್ಡು. ಅವಳಜ್ಜಿ ಶುರು ಮಾಡಿದ್ದು, ಅಮ್ಮ ನಡೆಸಿದ್ದು, ಅಮ್ಮ ಹೋದ ಮೇಲೆ ಹತ್ತೊಂಬತ್ತನೇ ವಯಸ್ಸಿಗೆ ಇವಳು ಹಿಡಿದದ್ದು. ಇಪ್ಪತ್ತಾರು ಬೋಟುಗಳ ಸಿಗಡಿ ಅವಳ ತಕ್ಕಡಿಗೇ ಬರಬೇಕು. ಧಕ್ಕೆ ಹೋದರೆ ಬೋಟುಗಳು ಬೇರೆ ಬಂದರಿಗೆ ಹೋಗುತ್ತವೆ. ಕೊರಿನ್ ಎಲ್ಲಿಗೆ ಹೋಗಬೇಕು?

ವೇಡ್ ಮಾತ್ರ ದಿನಾ ಸಂಜೆ ಶೆಡ್ಡಿಗೆ ಬರುತ್ತಿದ್ದ. ಕೆಟ್ಟ ಐಸ್ ಮಷಿನ್ನು ರಿಪೇರಿ ಮಾಡುತ್ತಿದ್ದ. ಅದು ಸರಿಯಾದ ಮೇಲೂ ರಿಪೇರಿ ಮಾಡುತ್ತಿದ್ದ! ಕೊರಿನ್ ಮಾತಾಡುತ್ತಿದ್ದಳು, ಅವನು ಕೇಳುತ್ತಿದ್ದ. ನಾಲ್ಕು ಜನ ಎದುರಿಗಿದ್ದರೆ ಅವನಿಗೆ ನಾಲಿಗೆಯೇ ಹೊರಳುತ್ತಿರಲಿಲ್ಲ. ಕೊರಿನ್ ಒಬ್ಬಳೇ ಇದ್ದರಂತೂ ಕೇಳಲೇಬೇಡಿ.

"ಅಲ್ಲ ಮಗಳೇ, ಸಿಗಡಿ ತೂಗೋಕೆ ಕಿವಿಗೆ ಓಲೆ ಯಾಕೆ?" ಎಂದು ಸಿಗಡಿ ಬೋಟಿನವನೇ ಆದ ಅವಳ ಅಪ್ಪ ಆರ್ವಿಲ್ ಒಂದು ದಿನ ಕೆಣಕಿದ.

"ಸುಮ್ನಿರಪ್ಪಾ... ಇತ್ತು, ಹಾಕೊಂಡೆ!"

"ಹಾಕ್ಕೋ, ಹಾಕ್ಕೋ. ಸಿಗಡಿಗಳಿಗೂ ಖುಷಿಯಾಗುತ್ತೆ!"

*

ಬಂದರು ಮಂಡಳಿಯ ಸಭೆಯ ತಾರೀಖು ಗೊತ್ತಾದ ದಿನ ಕೊರಿನ್ ಶೆಡ್ಡಿನ ಹಿಂದೆ ಹೋಗಿ ಅತ್ತಳು.

ಮೇ ತಿಂಗಳ ಒಂದು ಸೋಮವಾರ, ಬೆಳಿಗ್ಗೆ ಹತ್ತು ಗಂಟೆ. ಅದೇ ದಿನ ಬೆಳಿಗ್ಗೆ ಆರಕ್ಕೆ ಸಿಗಡಿ ಸೀಸನ್ ಶುರು!

ಆ ತಾರೀಖು ಹುಡುಕಿಟ್ಟವರ ತಲೆಗೆ ಏನನ್ನಬೇಕೋ! ಮೊದಲ ದಿನದ ಬಲೆಯಲ್ಲಿ ಬಂದಷ್ಟು ಸಿಗಡಿ ಆಮೇಲೆ ಹದಿನೈದು ದಿನಕ್ಕೂ ಬರುವುದಿಲ್ಲ. ಅವತ್ತು ಆಕಾಶವೇ ಕಳಚಿ ಬಿದ್ದರೂ ನಮ್ಮ ಗಂಡಸರು ನೀರಲ್ಲಿರುತ್ತಾರೆ.

"ನೀನೇ ಮಾತಾಡಮ್ಮ ನಮ್ ಪರವಾಗಿ," ಅಂದರು ಎಲ್ಲರೂ.

"ಅಪ್ಪಾ, ನೀನಾದ್ರೂ...?"

ಆರ್ವಿಲ್ ಟೋಪಿ ತೆಗೆದು ತಲೆ ಕೆರೆದುಕೊಂಡ. "ಅವ್ರು ತೀರ್ಮಾನ ಮಾಡ್ಕೊಂಡೇ ಕೂತಿರ್ತಾರೆ ಮಗಳೇ. ನಾನೊಬ್ಬ ಬಂದು ಮಾಡೋದೇನು?"

'ಒಬ್ಬೊಬ್ಬರೂ ಹೀಗೇ ಅಂದ್ರೆ...' ಅವಳು ಸರಕ್ಕನೆ ಹೊರಗೆ ನಡೆದಳು.

ಶೆಡ್ಡಿನ ಹಿಂದೆ ಅವಳು ಕಣ್ಣೊರೆಸಿಕೊಳ್ಳುವಾಗ ವೇಡ್ ಐಸ್ ಸಲಿಕೆ ಹಿಡಿದು ನಿಂತಿದ್ದ.

"ನಾ ಬರ್ತೀನಿ."

"ಸುಮ್ನೆ ಬಂದ್ರೆ ಆಗಲ್ಲ ವೇಡ್. ಮೂರು ನಿಮಿಷ ಮಾತಾಡ್ಬೇಕು. ಮೈಕಿನ ಮುಂದೆ."

ಅವನ ಮುಖ ಬಿಳಿಚಿಕೊಂಡಿತು. "ಮೂರು... ನಿಮಿಷಾನಾ?"

"ಹೂಂ."

"...ಮಾತಾಡ್ತೀನಿ."

ಕೊರಿನ್ ಫಕ್ಕನೆ ಅವನ ಕೈ ಹಿಡಿದುಕೊಂಡಳು. ಐಸಿನಲ್ಲಿದ್ದ ಕೈ ತಣ್ಣಗೆ ಕೊರೆಯುತ್ತಿತ್ತು. ಇಬ್ಬರೂ ಬಿಡಲಿಲ್ಲ.

*

ಸೋಮವಾರ ಬೆಳಿಗ್ಗೆ ಏಳಕ್ಕೇ ಕೊರಿನ್ ಸಭೆಯ ಹಾಲ್‌ನಲ್ಲಿದ್ದಳು. ಕಿಟಕಿಯಿಂದ ಅಳಿವೆ ಕಾಣುತ್ತಿತ್ತು. ಬೋಟುಗಳೆಲ್ಲ ಆಗಲೇ ಹೋಗಿಯಾಗಿತ್ತು. ಧಕ್ಕೆಯಲ್ಲಿ ಒಂದೇ ಒಂದು ಉಳಿದಿತ್ತು.

'ಮಿಸ್ ವೈವಾ'. ಅದನ್ನು ನೋಡುತ್ತಲೇ ಅವಳೆದೆ ತುಂಬಿ ಬಂತು.

ಅಷ್ಟರಲ್ಲಿ ಅದರ ಇಂಜಿನ್ ಕೆಮ್ಮಿತು. ಹಗ್ಗ ಬಿಚ್ಚಿಕೊಂಡಿತು. ನೋಡನೋಡುತ್ತಲೇ ಅಳಿವೆಯತ್ತ ಹೊರಟೇಹೋಯಿತು!

'ಇಲ್ಲ... ವೇಡ್ ಹಾಗೆ ಮಾಡಲ್ಲ...'

ಫೋನ್ ಮಾಡಿದಳು. ಹೋಗಲಿಲ್ಲ. ಮತ್ತೆ ಮಾಡಿದಳು. ಅಳಿವೆ ದಾಟಿದರೆ ಯಾರ ಫೋನಿಗೂ ಸಿಗ್ನಲ್ ಇಲ್ಲ.

'ಇವನೂ ಅಷ್ಟೇ! ಬಾಯಿಗೆ ಬಂದಿದ್ದು ಹೇಳಿ ಸಿಗಡಿ ಹಿಂದೆ ಓಡ್ದ! ನಾನೊಬ್ಳು ಪೆದ್ದಿ, ನಂಬಿದ್ನಲ್ಲ...'

ಕಿವಿಯ ಓಲೆ ಬಿಚ್ಚಿ ಬ್ಯಾಗಿಗೆ ಹಾಕಿದಳು. ಅಳಬಾರದೆಂದುಕೊಂಡಳು, ಆದರೂ ಅತ್ತಳು.

ಹತ್ತು ಗಂಟೆಗೆ ಹಾಲ್ ತುಂಬಿತು. ತುಂಬಿದ್ದು ಕಂಪನಿ ಕೊಟ್ಟ ನೀಲಿ ಟೀ ಶರ್ಟುಗಳಿಂದ! ಎಲ್ಲಿಂದಲೋ ಬಸ್ಸಲ್ಲಿ ಬಂದವರು. ಒಬ್ಬೊಬ್ಬರಾಗಿ ಎದ್ದು ಕೆಲಸ, ಅಭಿವೃದ್ಧಿ, ದೇಶ ಎಂದು ಓದಿ ಕೂತರು. ಧಕ್ಕೆಯ ಪರವಾಗಿ ಇದ್ದವರು ಕೊರಿನ್ ಮತ್ತು ಆರು ಜನ ಮುದುಕಿಯರು. ಎದುರಿಗೆ ಮಂಡಳಿಯ ಐವರು. ಅವರಲ್ಲಿ ಇಬ್ಬರು ಕಂಪನಿಯವರೇ ಅನ್ನುವಷ್ಟು ಕಂಪನಿ ಕಡೆ, ಒಬ್ಬಾಕೆ ನಮ್ಮ ಕಡೆ. ಮಿಕ್ಕ ಇಬ್ಬರು ಗಾಳಿ ಬೀಸಿದ ಕಡೆ.

ಹತ್ತೂ ಮುಕ್ಕಾಲಿಗೆ ಬಾಗಿಲು ದಡಾರನೆ ತೆರೆಯಿತು. ಎಂಬತ್ತರ ಮಿಸ್ ಎರ್ಲೀನ್! ಕೋಲೂರಿಕೊಂಡು, ಏದುಸಿರು ಬಿಡುತ್ತಾ, ನಗುತ್ತಾ ಬಂದು ಕೊರಿನ್ ಪಕ್ಕ ದೊಪ್ಪನೆ ಕೂತಳು. ಗಂಡ ಹೋಗಿ ವರ್ಷಗಳಾದರೂ ಅವಳಡುಗೆಮನೆಯಲ್ಲಿ ಬೋಟಿನವರ ವೈರ್‌ಲೆಸ್ ದಿನವಿಡೀ ಉಲಿಯುತ್ತಲೇ ಇರುತ್ತದೆ.

"ಏ ಹುಡುಗಿ! ಕೇಳಿಸ್ಕೊಂಡ್ಯಾ?"

"ಏನು ಮಿಸ್ ಎರ್ಲೀನ್?"

"ಅಯ್ಯೋ ನನ್ ಕಂದ! ಊರಿಗೂರೇ ಕೇಳಿದೆ, ನೀನೊಬ್ಳೇ ಕೇಳಿಲ್ವಾ? ನಿನ್ ವೇಡ್..."

"ನನ್ ವೇಡ್ ಅಲ್ಲ ಅವ್ನು! ಸಿಗಡಿ ಹಿಡಿಯೋಕೆ ಹೋದ!"

"ಸಿಗಡೀನಾ? ಥೂ ಪೆದ್ದಿ! ಬೋಟಿಂದ ಬೋಟಿಗೆ ಹೋಗಿ ಎಲ್ರನ್ನೂ ವಾಪಸ್ ಕರ್ಕೊಂಬರೋಕೆ ಹೋಗಿದಾನೆ ಕಣೇ! ಯಾರೂ ಬರದಿದ್ರೆ ನಿನ್ನ ಆಸೆ ಮುರಿಯುತ್ತೆ ಅಂತ ನಿಂಗೆ ಹೇಳೋಕೂ ಧೈರ್ಯ ಬಂದಿಲ್ಲ ಪಾಪ."

ಕೊರಿನ್ ಅವಳತ್ತ ಪೂರ್ತಿ ತಿರುಗಿದಳು. "ಇದೆಲ್ಲ... ನಿಮ್ಗೆ ಹೆಂಗ್ ಗೊತ್ತು?"

ಮಿಸ್ ಎರ್ಲೀನ್ ಬಾಯಿಗೆ ಕರ್ಚೀಫು ಅಡ್ಡ ಹಿಡಿದು ನಕ್ಕಳು. "ಅವ್ನ ಬೋಟಿನ ವೈರ್‌ಲೆಸ್ ಮೈಕು ಸೀಟ್ ಮೇಲೆ ಬಿದ್ದಿದೆ. ಮಹಾನುಭಾವ ಅದ್ರ ಬಟನ್ ಮೇಲೇ ಕೂತಿದಾನೆ! ಅವ್ನು ಮೇಲೇಳೋ ತನಕ ಬೇರೆ ಯಾರೂ ಮಾತಾಡಂಗಿಲ್ಲ, ಕೇಳೋದೊಂದೇ! ಭಾಷಣ ಪ್ರಾಕ್ಟೀಸ್ ಮಾಡ್ತಿದ್ದ ಕಣೇ. 'ಮಂಡಳಿಯವ್ರೇ, ನನ್ ಹೆಸ್ರು ವೇಡ್... ಛೆ, ಹಿಂಗಲ್ಲ' ಅನ್ನೋದು, ಮತ್ತೆ ಶುರು ಮಾಡೋದು!"

"ಅಯ್ಯೋ ದೇವ್ರೇ..."

"ತಡಿ, ಕೇಳು! ಆಮೇಲೆ ಭಾಷಣ ಬಿಟ್ಟು ಅವ್ನಷ್ಟಕ್ಕೆ ಹೇಳ್ಕೊಂಡ. 'ಧಕ್ಕೆ ಹೋದ್ರೆ ನಾನು ಬೋಟು ತಗೊಂಡು ಇನ್ನೊಂದು ಊರಿಗೆ ಹೋಗ್ತೀನಿ. ಕೊರಿನ್ ಎಲ್ಲಿಗೆ ಹೋಗ್ತಾಳೆ? ಇಷ್ಟು ಜನ ಗಂಡಸ್ರು ಇದೀವಿ, ಒಂದು ಹುಡುಗೀನ ಒಬ್ಳನ್ನೇ ನಿಲ್ಸಿ ಬಲೆ ಹಾಕೋಕೆ ಹೊರಟ್ವಲ್ಲ, ನಾಚಿಕೆ ಆಗ್ಬೇಕು ನಮ್ಗೆ' ಅಂದ. ನಂಗೆ ಕಣ್ಣಲ್ಲಿ ನೀರೇ ಬಂತು."

ಮುದುಕಿ ಕೊರಿನ್‌ಳ ಕೆನ್ನೆ ಹಿಂಡಿದಳು.

"ಅಷ್ಟೇ ಅಲ್ಲ, ಇನ್ನೂ ಏನೋ ಹೇಳ್ದ. ಅದನ್ನ ಅವ್ನ ಬಾಯಲ್ಲೇ ಕೇಳು. ನಂಗೆ ನಾಚಿಕೆ!"

"ಪಟ್ಟಿಯಲ್ಲಿ ಕೊನೆಯವರು, ಕೊರಿನ್ ದೊಮಾಂಗ್," ಅಂದ ಅಧ್ಯಕ್ಷ.

ಕೊರಿನ್ ಎದ್ದಳು. ಕಾಲು ನೆಲದ ಮೇಲಿರಲಿಲ್ಲ. ಬರೆದು ತಂದಿದ್ದ ಕಾಗದ ಬಿಚ್ಚಿದಳು. ಒಂದಕ್ಷರವೂ ಕಾಣಲಿಲ್ಲ.

"ನಾನು... ನಮ್ಮಜ್ಜಿ ಕಾಲದಿಂದ..."

ಪೋಂ...!

ಅಳಿವೆಯ ಕಡೆಯಿಂದ ಹಾರ್ನು! ಒಂದು, ಎರಡು, ಐದು... ಹಾಲ್‌ನ ಕಿಟಕಿ ಗಾಜುಗಳು ಗಡಗಡ ನಡುಗಿದವು. ಜನ ಎದ್ದು ಕಿಟಕಿಗೆ ಮುತ್ತಿಕೊಂಡರು.

ಇಪ್ಪತ್ತಾರು ಬೋಟುಗಳು! ಸೀಸನ್ನಿನ ಮೊದಲ ದಿನ, ಬಲೆ ಎತ್ತಿಕೊಂಡು, ಸಾಲಾಗಿ ಧಕ್ಕೆಗೆ ಬರುತ್ತಿದ್ದವು. ಇಂಥದನ್ನು ನಮ್ಮೂರು ಕಂಡಿರಲೇ ಇಲ್ಲ.

ಬಿಳಿ ರಬ್ಬರ್ ಬೂಟುಗಳಲ್ಲೇ ಗಂಡಸರು ಒಳಗೆ ನುಗ್ಗಿದರು. ಹಾಲ್‌ಗೆಲ್ಲ ಡೀಸೆಲ್ಲು, ಸಿಗಡಿ ವಾಸನೆ! ನೀಲಿ ಟೀ ಶರ್ಟುಗಳು ಮೂಗು ಮುಚ್ಚಿಕೊಂಡು ಜರುಗಿ ಜಾಗ ಕೊಟ್ಟವು.

"ನಮ್ಮೆಲ್ರಿಗೂ ಹೆಸ್ರು ಬರೆಯೋ ಚೀಟಿ ಕೊಡ್ರಪ್ಪ," ಅಂದ ಎಲ್ಲರಿಗಿಂತ ಮುಂದಿದ್ದ ಆರ್ವಿಲ್. ಆಮೇಲೆ ಮಗಳ ಹತ್ತಿರ ಬಂದು, ದನಿ ತಗ್ಗಿಸಿ, "ತಪ್ಪಾಯ್ತು ಮಗಳೇ," ಅಂದ.

ತಲಾ ಮೂರು ನಿಮಿಷ! ಅಧ್ಯಕ್ಷ ಬೆವರೊರೆಸಿಕೊಂಡ. ಗಂಟೆಗಟ್ಟಲೆ ಮಾತಾಡಿದರು ನಮ್ಮವರು. ಹುಟ್ಟಿದಾರಭ್ಯ ಸಭೆಯಲ್ಲಿ ಬಾಯಿ ಬಿಡದವರೂ ಮಾತಾಡಿದರು. ಕೊನೆಗೆ ಬಂದ ವೇಡ್.

ಮೈಕಿನ ಮುಂದೆ ನಿಂತ. ಗಂಟಲು ಸರಿಮಾಡಿಕೊಂಡ. ಕೊರಿನ್ ಕಡೆ ನೋಡಿದ. ಅಷ್ಟೇ, ಮಾತು ನಿಂತೇಹೋಯಿತು!

ಹಿಂದಿನಿಂದ ಯಾರೋ ಕೂಗಿದರು. "ಲೇ ವೇಡ್, ಕೂತ್ಕೊಂಡು ಮಾತಾಡೋ! ಕೂತ್ರೆ ನಿಂಗೆ ಚೆನ್ನಾಗ್ ಬರುತ್ತೆ!"

ಹಾಲ್‌ಗೆ ಹಾಲೇ ಹೋ ಎಂದು ನಕ್ಕಿತು. ವೇಡ್ ಪಿಳಿಪಿಳಿ ನೋಡಿದ. ತಾನು ಹೋಗಿ ಕೇಳುವ ಮೊದಲೇ ಬೋಟುಗಳು ಯಾಕೆ ತಿರುಗಿದವೆಂದು ಅವನಿಗೆ ಅಲ್ಲಿಯವರೆಗೂ ಗೊತ್ತಿರಲಿಲ್ಲ! ಆರ್ವಿಲ್ ಅವನ ಕಿವಿಯಲ್ಲಿ ಏನೋ ಹೇಳಿದ. ಹುಡುಗನ ಮುಖ ಬೇಯಿಸಿದ ಸಿಗಡಿಯಂತೆ ಕೆಂಪಾಯಿತು.

ಆದರೆ ಆ ನಗುವಿನಲ್ಲಿ ಅವನ ಹೆದರಿಕೆಯೂ ಹೋಯಿತು. ಇನ್ನು ಮುಚ್ಚಿಡಲು ಏನಿದೆ!

"ಕಂಪನಿ ಹಡಗು ನಿಲ್ಲೋಕೆ ಸಾವಿರ ಅಡಿ ಬೇಕು," ಅಂದ. "ನನ್ ಬೋಟಿಗೆ ನಲವತ್ತೆಂಟು ಅಡಿ ಸಾಕು. ಅವ್ರು ಒಂದು ಧಕ್ಕೆ ತಗೊಂಡಾಯ್ತು. ಇದು ಹೋದ್ರೆ ಈ ಊರಲ್ಲಿ ಸಿಗಡಿ ಇಳಿಯಲ್ಲ. ಸಿಗಡಿ ಇಳಿಯದಿದ್ರೆ ಊರೂ ಇರಲ್ಲ. ಇದೊಂದನ್ನ ಬಿಟ್ಬಿಡಿ ಅಂತ ಕೇಳ್ಕೊಳ್ತೀನಿ. ಅಷ್ಟೇ."

ಓಟು ಹಾಕಿದರು. ಕಂಪನಿಗೆ ಎರಡು. ಧಕ್ಕೆಗೆ... ಮೂರು!

ಮಿಸ್ ಎರ್ಲೀನ್ ಕೋಲು ಮೇಲೆತ್ತಿ ಕುಣಿದೇಬಿಟ್ಟಳು! ಕಂಪನಿ ನಾಳೆ ಇನ್ನೊಂದು ಬಾಗಿಲಿನಿಂದ ಬಂದೀತು, ಅದು ಎಲ್ಲರಿಗೂ ಗೊತ್ತು. ಬರಲಿ. ಇವತ್ತು ಧಕ್ಕೆ ನಮ್ಮದು.

*

ಮಧ್ಯಾಹ್ನ ಧಕ್ಕೆಯ ಮೇಲೆ ಒಂದೇ ಗಡಿಬಿಡಿ. ಇನ್ನೂ ಅರ್ಧ ದಿನ ಉಳಿದಿತ್ತಲ್ಲ! ಗಂಡಸರು ಐಸು ತುಂಬಿಕೊಂಡು ಮತ್ತೆ ಹೊರಟಿದ್ದರು. ವೇಡ್ ತಲೆ ತಗ್ಗಿಸಿಕೊಂಡು ಹಗ್ಗ ಬಿಚ್ಚುತ್ತಿದ್ದ. ಎದುರಿಗೆ ಕೊರಿನ್ ಬಂದು ನಿಂತಳು.

"ನಂಗ್ ಹೇಳ್ದೆ ಯಾಕೆ ಹೋದೆ? ನಾನೆಷ್ಟ್ ಅತ್ತೆ ಗೊತ್ತಾ?"

"ತಪ್ಪಾಯ್ತು ಕೊರಿನ್... ಇನ್ಯಾವತ್ತೂ ಹೇಳ್ದೆ ಹೋಗಲ್ಲ."

"ವೈರ್‌ಲೆಸ್‌ನಲ್ಲಿ ಇನ್ನೂ ಏನೋ ಹೇಳಿದ್ಯಂತೆ."

ವೇಡ್ ಹಗ್ಗ ಕೆಳಗಿಟ್ಟ. "ಎಲ್ರೂ ಕೇಳಿದಾರಂತಲ್ಲ..."

"ನಾನು ಕೇಳಿಲ್ಲ!"

ಅವನು ಅವಳ ಕಣ್ಣನ್ನೇ ನೋಡಿದ. ಬಾಯಿ ಒಣಗಿತ್ತು. ಆದರೂ ಈ ಸಲ ನಾಲಿಗೆ ಕೈಕೊಡಲಿಲ್ಲ.

"ನಿನ್ನ ಬಿಟ್ಟು ನಂಗೆ ಯಾವ ಊರೂ ಬೇಡ ಕೊರಿನ್. ನೀನಂದ್ರೆ ನಂಗೆ ಪ್ರಾಣ. ನನ್ನ ಮದ್ವೆ ಆಗ್ತೀಯಾ?"

ಕೊರಿನ್‌ಳ ಕಣ್ಣು ತುಂಬಿ ಬಂತು. ನಗುವೂ ಬಂತು. ಎರಡನ್ನೂ ತಡೆಯಲು ಹೋಗಲಿಲ್ಲ.

"ಆಗ್ತೀನಿ... ಆದ್ರೆ ಸೀಸನ್ ಮುಗೀಲಿ."

"ಅಷ್ಟು ದಿನ ಕಾಯ್ಬೇಕಾ?"

"ಮತ್ತೆ? ಸಿಗಡಿ ಬಿಟ್ಟು ಈ ಊರಲ್ಲಿ ಯಾರು ಬರ್ತಾರೆ ನಮ್ ಮದ್ವೆಗೆ?"

ವೇಡ್ ನಕ್ಕ. ಅವಳ ಎರಡೂ ಕೈ ಹಿಡಿದುಕೊಂಡ.

"ಇವತ್ತು ಬಂದ್ರಲ್ಲ ಕೊರಿನ್!"

ಕೊರಿನ್ ಸುತ್ತ ನೋಡಿದಳು. ಅಪ್ಪ, ಅಪ್ಪನ ಹಿಂದೆ ಇಪ್ಪತ್ತೈದು ಬೋಟುಗಳು. ಹೊರಡಬೇಕಾದವರೆಲ್ಲ ಇಂಜಿನ್ ಆರಿಸಿ ಅವಳ ಉತ್ತರಕ್ಕೇ ಕಾಯುತ್ತಿದ್ದರು.

ಅವಳು ವೇಡ್‌ನ ಎದೆಗೆ ಮುಖ ಒತ್ತಿಕೊಂಡಳು.

"ಹಾಗಾದ್ರೆ ಬರೋ ಭಾನುವಾರಾನೇ ಇಡೋಣ," ಅಂದಳು.