ಕಾಣೆಯಾದ ನೂಲಿನ ಸೀರೆಗಳು

"ಗ್ರೆಟ್ಟಾ ಅಕ್ಕಾರ, ನಮ್ಮನ್ಯಾಗ ಕಳ್ಳತನ ಆಗೇತ್ರಿ," ಎನ್ನುತ್ತಾ ಮೇಲಿನ ಮನೆಯ ಸುವರ್ಣಾ ನಮ್ಮ ಬಾಗಿಲಿಗೆ ಬಂದು ನಿಂತಾಗ ಗ್ರೆಟ್ಟಾ ಬಾಯಿ ಬಂಗುಡೆ ಸಾರಿನ ಉಪ್ಪು ನೋಡುತ್ತಿದ್ದರು. ಸೌಟನ್ನು ನನ್ನ ಕೈಗೆ ಕೊಟ್ಟು, ಸೆರಗಿಲ್ಲದ ನೈಟಿಗೆ ಕೈ ಒರೆಸಿಕೊಂಡು ಕುರ್ಚಿ ಎಳೆದರು.

ಗಲ್ಫಿನಲ್ಲಿ ಮಸ್ಕತ್ತಿನ ಆಚೆಗಿರುವ ಸೊಹಾರ್‌ನ ಒಂದು ವಿಮಾ ಕಚೇರಿಯಲ್ಲಿ ಸುಳ್ಳು ಕ್ಲೇಮುಗಳನ್ನು ಪತ್ತೆ ಮಾಡುವುದು ಗ್ರೆಟ್ಟಾ ಬಾಯಿಯ ಕೆಲಸ. ಅದೇ ಕಚೇರಿಯಲ್ಲಿ ಟೈಪಿಸ್ಟ್ ಆಗಿದ್ದ ನಾನು, ಲವಿಟಾ, ಅವರ ಜೊತೆ ಒಂದೇ ಫ್ಲ್ಯಾಟಿನಲ್ಲಿದ್ದೆ. ನಮ್ಮ ಕಟ್ಟಡದಲ್ಲಿ ಏನೇ ಕಳೆದುಹೋದರೂ ಜನ ಮೊದಲು ಹತ್ತುತ್ತಿದ್ದದ್ದು ನಮ್ಮ ಮೆಟ್ಟಿಲನ್ನೇ.

"ಏನು ಹೋಯ್ತು?"

"ಅತ್ತಿಯವರ ಹಳೇ ನೂಲಿನ ಸೀರಿ. ಹಾಸಿಗಿ ಚಾದರ, ಟವೆಲ್. ಹೋದ ಶುಕ್ರವಾರ ಮಧ್ಯಾಹ್ನ ಹಾಸಿದ್ದ ಚಾದರ ಸಂಜಿಗೆ ಇಲ್ಲ. ಕೆಲಸದ ರಿಫಾನ ಒಯ್ದಾಳಂತ ನಮ್ಮನಿಯವರು ಏಜೆನ್ಸಿಗೆ ಫೋನ್ ಮಾಡ್ಯಾರ. ನಾಳೆ ಸಂಜಿಗೆ ಬಂದು ಅಕಿನ್ನ ಕರಕೊಂಡು ಹೋಗ್ತಾರಂತ. ನನಗ್ಯಾಕೋ ಮನಸ್ಸು ಒಪ್ಪವಲ್ಲದು."

"ಬಂಗಾರ?"

"ಅದ ಕಪಾಟಿನ್ಯಾಗ ಇತ್ರಿ. ಮುಟ್ಟಿಲ್ಲ."

ಗ್ರೆಟ್ಟಾ ಬಾಯಿ ನನ್ನತ್ತ ನೋಡಿದರು. "ಬಂಗಾರ ಬಿಟ್ಟು ಹಳೇ ಸೀರೆ ಕದಿಯುವ ಕಳ್ಳಿಯಾ? ನಡಿ ಲವಿಟಾ, ನೋಡಿಯೇ ಬರುವ."

ಸುವರ್ಣಾಳ ಗಂಡ ಸಚ್ಚಿದಾನಂದ ಉಕ್ಕಿನ ಕಾರ್ಖಾನೆಯಲ್ಲಿ ಎಂಜಿನಿಯರ್, ಗದಗಿನ ಕಡೆಯವರು. ಅವರ ತಾಯಿ ಕೆಂಚವ್ವ ಮಗನ ಮನೆಗೆ ಬಂದು ವರ್ಷವಾಗುತ್ತಾ ಬಂದಿತ್ತು. ನಾವು ಹೋದಾಗ ಆಕೆ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಮೆಂತ್ಯದ ಸೊಪ್ಪು ಬಿಡಿಸುತ್ತಿದ್ದರು. ನಮ್ಮನ್ನು ಕಂಡು ನೆಲಕ್ಕೆ ಕೈಯೂರದೆ ಎದ್ದರು. ಆದರೆ ಎದ್ದ ಮೇಲೆ ಮುಖ ಬಿಳಿಚಿತು, ಗೋಡೆ ಹಿಡಿದು ನಿಂತರು.

"ಅವ್ವಗ ಮೊಣಕಾಲು ನೋವು," ಎಂದರು ಸಚ್ಚಿದಾನಂದ. "ಕ್ಲಿನಿಕ್ಕಿಗೆ ನಾಕಾರು ಸಲ ಕರಕೊಂಡು ಹೋಗೀನಿ. ಡಾಕ್ಟರಮ್ಮಗ ಇಂಗ್ಲಿಷ್, ಅರಬ್ಬಿ ಬಿಟ್ರ ಏನೂ ಬರೂದಿಲ್ಲ. ನಾನ ಪಕ್ಕದಾಗ ನಿಂತು ಎಲ್ಲಾ ಹೇಳತೀನಿ. ಸುಮ್ಮಸುಮ್ಮನ ಬಾಳ ಪ್ರಶ್ನಿ ಕೇಳತಾರ. ಬ್ಯಾಡಾಗಿದ್ದಕ್ಕ ನಾನ 'ನೋ' ಅಂದುಬಿಡತೀನಿ."

"ರಿಫಾ ತಪ್ಪು ಒಪ್ಪಿಕೊಂಡಳಾ?"

"ಒಪ್ಪಿದಂಗ ಆತ್ರಿ ಮೇಡಂ. ಜೋರು ಮಾಡಿದಾಗ ಅತ್ತುಕೊಂತ 'ಅಮ್ಮಾ ರೊಕ್ಕ, ಅಮ್ಮಾ ರೊಕ್ಕ' ಅಂದಳು. ಅವ್ವನ ರೊಕ್ಕಕ್ಕೂ ಕೈ ಹಾಕಿರಬೇಕು."

"ರೊಕ್ಕ ಕಮ್ಮಿ ಆಗಿದೆಯಾ?"

"ಇಲ್ರಿ," ಎಂದಳು ಸುವರ್ಣಾ.

ರಿಫಾ ಬಾಂಗ್ಲಾದೇಶದ ಯಾವುದೋ ಹಳ್ಳಿಯಿಂದ ಈಚೆಗಷ್ಟೇ ಬಂದ ಹುಡುಗಿ. ಹಿಂದಿ ಅರೆಬರೆ, ಅರಬ್ಬಿಯಲ್ಲಿ ಯಲ್ಲಾ, ಖಲಾಸ್ ಅಷ್ಟೇ. ಶುಕ್ರವಾರ ಅವಳಿಗೆ ರಜೆ. ಬೆಳಗ್ಗೆಯೇ ಪಕ್ಕದ ಊರಾದ ಸಹಮ್‌ನಲ್ಲಿದ್ದ ಅಕ್ಕನ ಮನೆಗೆ ಹೋದರೆ ರಾತ್ರಿಯೇ ಬರುತ್ತಿದ್ದಳು. ನಾವು ಹೋದ ಆ ದಿನವೂ ಶುಕ್ರವಾರವೇ, ಅವಳು ಮನೆಯಲ್ಲಿರಲಿಲ್ಲ.

ಕೆಳಗೆ ಬಂದಾಗ ವಾಚ್‌ಮನ್ ಶರ್ಫುದ್ದೀನ್ ಗೇಟಿನ ಬಳಿ ಗಿಡಗಳಿಗೆ ನೀರು ಬಿಡುತ್ತಿದ್ದ. ಅವನೂ ಬಾಂಗ್ಲಾದೇಶದವನೇ. ರಿಫಾ ಕಪ್ಪು ಚೀಲಗಳನ್ನು ಒಯ್ದು ಕಸದ ತೊಟ್ಟಿಗೆ ಹಾಕುವುದನ್ನು ತಾನು ನೋಡಿದ್ದೇನೆಂದೂ, ಅದನ್ನು ಸಚ್ಚಿದಾನಂದ ಸಾಹೇಬರಿಗೂ ಹೇಳಿದ್ದೇನೆಂದೂ ಅವನು ಹಿಂದಿಯಲ್ಲಿ ಒಪ್ಪಿಕೊಂಡ. ಗ್ರೆಟ್ಟಾ ಬಾಯಿ ಅವನನ್ನು ಇನ್ನೊಂದೇ ಒಂದು ಪ್ರಶ್ನೆ ಕೇಳಿದರು. ಅವನ ಉತ್ತರ ಕೇಳಿದ್ದೇ ಅವರ ಮುಖ ಸಣ್ಣದಾಯಿತು.

"ಎಂತ ಬಾಯಿ?" ಎಂದೆ.

"ಕಳ್ಳತನವೇ ಆಗಿದ್ದಿದ್ದರೆ ಒಳ್ಳೆದಿತ್ತು ಮಾರಾಯ್ತಿ."

ಮರುದಿನ ಮಗ ಸೊಸೆ ಮನೆಯಲ್ಲಿಲ್ಲದ ಹೊತ್ತಿಗೆ ನಾವಿಬ್ಬರೂ ಮತ್ತೆ ಮೇಲೆ ಹೋದೆವು. ಗ್ರೆಟ್ಟಾ ಬಾಯಿ ಕೆಂಚವ್ವನ ಕೋಣೆಗೆ ಒಬ್ಬರೇ ಹೋಗಿ ಬಾಗಿಲು ಹಾಕಿಕೊಂಡರು. ಹೊರಗೆ ಬರುವಾಗ ಅವರ ಕಣ್ಣು ಕೆಂಪಾಗಿತ್ತು. ನನಗೇನೂ ಹೇಳಲಿಲ್ಲ.

ಸಂಜೆ ಎಲ್ಲರೂ ಸಚ್ಚಿದಾನಂದರ ಹಾಲಿನಲ್ಲಿ ಸೇರಿದೆವು. ರಿಫಾ ಬಟ್ಟೆಯ ಗಂಟು ಹಿಡಿದು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ಏಜೆನ್ಸಿಯವನಿಗೆ ಕೆಳಗೆ ಕಾಯಲು ಹೇಳಿ ಗ್ರೆಟ್ಟಾ ಬಾಯಿ ಬಾಗಿಲು ಮುಚ್ಚಿದರು.

"ಕೆಂಚವ್ವನ ಒಪ್ಪಿಗೆ ತಕ್ಕೊಂಡೇ ಹೇಳ್ತಿದ್ದೇನೆ. ಅವರು ಒಳಗೇ ಇರ್ತಾರೆ, ಈ ಮಾತಿನ ಎದುರು ಕೂತುಕೊಳ್ಳಲಿಕ್ಕೆ ಅವರಿಗೆ ಆಗುದಿಲ್ಲ. ಮೊದಲನೆಯದು, ಹೋದ ಶುಕ್ರವಾರ ಚಾದರ ಕಾಣೆಯಾದಾಗ ರಿಫಾ ಸಹಮ್‌ನಲ್ಲಿದ್ದಳು. ಹಾಗಾದ್ರೆ ತೆಗೆದವರು ಮನೆಯೊಳಗಿನವರು. ಇನ್ನು, ಕದ್ದದ್ದನ್ನು ಯಾರಾದ್ರೂ ಕಸದ ತೊಟ್ಟಿಗೆ ಹಾಕ್ತಾರಾ? ಹೋದದ್ದೆಲ್ಲ ನೂಲಿನ ಬಟ್ಟೆ. ಚೆನ್ನಾಗಿ ನೀರು ಹೀರುವ ಬಟ್ಟೆ. ನಿಮ್ಮ ತಾಯಿ ನೆಲದಿಂದ ಕೈಯೂರದೆ ಏಳ್ತಾರೆ, ಅವರಿಗೆ ಮೊಣಕಾಲು ನೋವಿಲ್ಲ. ಆದರೆ ಎದ್ದ ಕೂಡಲೇ ತಲೆ ಸುತ್ತುತ್ತದೆ."

ಸುವರ್ಣಾ ಥಟ್ಟನೆ ಬಾಯಿಗೆ ಸೆರಗು ಒತ್ತಿಕೊಂಡಳು. ಅವಳಿಗೆ ಅರ್ಥವಾಗಿತ್ತು.

"ರೊಕ್ಕ ಅಂದ್ಳಲ್ರಿ?" ಎಂದರು ಸಚ್ಚಿದಾನಂದ.

"ನಿಮ್ಮ ಊರಿನ ಆ ಮಾತು ಈ ಹುಡುಗಿಗೆ ಯಾರು ಕಲಿಸಿದ್ರು? ಅವಳು ಹೇಳಿದ್ದು 'ರೊಕ್ತೊ'. ಬಂಗಾಳಿಯಲ್ಲಿ ರಕ್ತಕ್ಕೆ ಹಾಗೆ ಹೇಳ್ತಾರೆ. ಶರ್ಫುದ್ದೀನನ ಹತ್ತಿರ ನಾನು ಕೇಳಿದ್ದು ಅದನ್ನೇ. ಅಮ್ಮನಿಗೆ ರಕ್ತ ಹೋಗ್ತಿದೆ ಅಂತ ನಿಮಗೆ ಅಳ್ತಾ ಹೇಳಿದವಳು ಅವಳೊಬ್ಬಳೇ. ಮುಟ್ಟು ನಿಂತು ಎಷ್ಟೋ ವರ್ಷ ಆದ ಮೇಲೆ ಕೆಂಚವ್ವನಿಗೆ ಮತ್ತೆ ಶುರುವಾಗಿತ್ತು. ಹಾಳಾದ ಬಟ್ಟೆ ಅವರು ಬಚ್ಚಲಲ್ಲಿ ಅಡಗಿಸಿಡ್ತಿದ್ದರು. ರಿಫಾ ಒಗೆಯುವಷ್ಟನ್ನು ಒಗೆದಳು, ಆಗದ್ದನ್ನು ಯಾರಿಗೂ ಕಾಣದ ಹಾಗೆ ಎಸೆದಳು."

ಸಚ್ಚಿದಾನಂದ ತಲೆ ತಗ್ಗಿಸಿದರು. "ಅವ್ವ ಡಾಕ್ಟರ್ ಮುಂದರ ಹೇಳಬಹುದಿತ್ತಲ್ರಿ."

"ಡಾಕ್ಟರಿಗೆ ಯಾರ ಬಾಯಿಯಿಂದ ಹೇಳಿಸ್ಬೇಕಿತ್ತು? ನಿಮ್ಮ ಬಾಯಿಂದಲ್ವಾ? ಮಗನ ಎದುರು ಬಾಯಿಗೆ ಬಂದ ಸುಳ್ಳು ಮೊಣಕಾಲು ನೋವು. ಸುವರ್ಣಾಗೆ ಹೇಳಿದ್ರೆ ಅವಳು ನಿಮಗೇ ಹೇಳ್ತಾಳೆ ಅಂತ ಅವಳಿಗೂ ಹೇಳಲಿಲ್ಲ."

ಅವರು ತಲೆ ಎತ್ತಲಿಲ್ಲ. "ಆ ಡಾಕ್ಟರಮ್ಮ ಕೇಳಿದ್ರು," ಎಂದರು ಮೆಲ್ಲಗೆ. "ಮೊದಲನೇ ಸಲ ಹೋದಾಗನ ಕೇಳಿದ್ರು. ಬ್ಲೀಡಿಂಗ್ ಏನರ ಐತೇನು, ಕೇಳ್ರಿ ಅಂದ್ರು. ಅವ್ವಗ ಅದನ್ನ ಹೆಂಗ ಕೇಳೂದು ಅಂತ ನನಗ ನಾಚಿಕಿ ಆತು. ಕೇಳಲಿಲ್ಲ. ನೋ ಅಂದೆ."

ಏಜೆನ್ಸಿಯವನನ್ನು ವಾಪಸ್ ಕಳಿಸಲು ಸುವರ್ಣಾ ಕೆಳಗೆ ಹೋದಳು.

ಆ ವಾರವೇ ಕೆಂಚವ್ವನನ್ನು ಮಸ್ಕತ್ತಿನ ದೊಡ್ಡ ಆಸ್ಪತ್ರೆಗೆ ಕರೆದೊಯ್ದೆವು. ವೈದ್ಯೆಯ ಪಕ್ಕದಲ್ಲಿ ಕುಳಿತು ಕನ್ನಡಕ್ಕೂ ಇಂಗ್ಲಿಷಿಗೂ ನಡುವೆ ಮಾತು ದಾಟಿಸಿದ್ದು ನಾನು. ಮಗ ಹೊರಗೆ ಕುಳಿತಿದ್ದರು. ಮೊದಲ ಪ್ರಶ್ನೆ ಕೇಳಿದ್ದೇ ತಡ, ಕೆಂಚವ್ವ ನನ್ನ ಕೈ ಹಿಡಿದುಕೊಂಡು ಒಂದೇ ಸಮನೆ ಹೇಳತೊಡಗಿದರು. ಯಾವಾಗ ಶುರುವಾಯಿತು, ಎಲ್ಲಿ ನೋವು, ಯಾವ ದಿನ ಬಚ್ಚಲಲ್ಲಿ ಕಣ್ಣು ಕತ್ತಲೆ ಬಂತು, ಎಲ್ಲವನ್ನೂ.

"ಇಷ್ಟ ಕೇಳೂದಿತ್ತೇನವಾ?" ಎಂದರು ಕೊನೆಗೆ. "ಕೇಳಿದ್ರ ನಾ ಹೇಳತಿದ್ದೆ."

ಗರ್ಭಕೋಶದ ಕ್ಯಾನ್ಸರ್ ಹೊಟ್ಟೆಗೆಲ್ಲ ಹಬ್ಬಿತ್ತು. ಆರಂಭದಲ್ಲೇ ಬಂದಿದ್ದರೆ ಒಂದು ಆಪರೇಷನ್ನಿನಲ್ಲಿ ಮುಗಿಯುತ್ತಿತ್ತೇನೋ ಎಂದರು ವೈದ್ಯೆ. ಆ ಮಾತನ್ನು ನಾನು ಕೆಂಚವ್ವನಿಗೆ ಹೇಳಿದೆ, ಏಕೆಂದರೆ ಅವರು ಕೇಳಿದರು. ಹೊರಗೆ ಮಗನಿಗೂ ಹೇಳಬೇಕಾಯಿತು. ಅವರು ಕಾರಿಡಾರಿನ ಗೋಡೆಗೆ ಹಣೆ ಹಚ್ಚಿ ನಿಂತುಬಿಟ್ಟರು.

ಕೆಂಚವ್ವ ಊರಿಗೆ ಹೋಗುತ್ತೇನೆಂದು ಹಟ ಹಿಡಿದರು. ಹೊರಡುವವರೆಗೂ ಅವರ ಪಕ್ಕದಲ್ಲಿ ಮಲಗಿದ್ದವಳು ರಿಫಾ. ಸಚ್ಚಿದಾನಂದ ಶರ್ಫುದ್ದೀನನನ್ನು ಕರೆಸಿ, ಅವನ ಮೂಲಕ ಅವಳ ಬಳಿ ತಪ್ಪಾಯಿತೆಂದು ಕೇಳಿಕೊಂಡರು. ಅವಳು ತಲೆಯಾಡಿಸಿ, ಅಮ್ಮನ ಗಂಜಿ ಆರುತ್ತದೆ ಎಂದು ಹೇಳಿ ಒಳಗೆ ಹೋದಳಂತೆ.

ಅತ್ತೆಯನ್ನು ಕರೆದುಕೊಂಡು ಗಂಡನೊಡನೆ ಊರಿಗೆ ಹೋಗಿದ್ದ ಸುವರ್ಣಾಳ ಫೋನ್ ಗದಗಿನಿಂದ ಬಂದದ್ದು ಎರಡು ತಿಂಗಳ ನಂತರ, ನಾವು ಆಫೀಸಿಗೆ ಹೊರಟಿದ್ದಾಗ. ಗ್ರೆಟ್ಟಾ ಬಾಯಿ ಚಪ್ಪಲಿ ಬಿಚ್ಚಿಟ್ಟು ಕುಳಿತರು. ಆಮೇಲೆ ಇಬ್ಬರೂ ಕೆಳಗಿಳಿದು, ರಿಫಾಗೆ ತಿಳಿಸಲೆಂದು ಶರ್ಫುದ್ದೀನನನ್ನು ಜೊತೆಗೆ ಕರೆದುಕೊಂಡೆವು. ಮೆಟ್ಟಿಲು ಹತ್ತುವಷ್ಟು ಹೊತ್ತೂ ಅವನು ಹೇಗೆ ಹೇಳುವುದೆಂದು ಬಂಗಾಳಿಯಲ್ಲಿ ತನ್ನಷ್ಟಕ್ಕೇ ಗೊಣಗುತ್ತಿದ್ದ. ಬಾಗಿಲು ತೆರೆದ ರಿಫಾ ನಮ್ಮ ಮೂವರ ಮುಖ ನೋಡಿದಳು. ಶರ್ಫುದ್ದೀನ್ ಬಾಯಿ ತೆರೆಯುವ ಮೊದಲೇ ಹೊಸ್ತಿಲ ಮೇಲೆ ಕುಸಿದು ಕುಳಿತು, "ಅಮ್ಮಾ" ಎಂದಳು. ಗ್ರೆಟ್ಟಾ ಬಾಯಿ ಅವಳ ಪಕ್ಕದಲ್ಲೇ ನೆಲಕ್ಕೆ ಕುಳಿತರು. ಆ ದಿನ ನಾವು ಕೆಲಸಕ್ಕೆ ಹೋಗಲಿಲ್ಲ.