ನಾಕ್ಯುಅಸ್ ಎಂದುಕೊಂಡವಳು

"ಐ ಆಮ್ ನಾಕ್ಯುಅಸ್!"

ಸರ್ವಮಂಗಳಾ ಎದ್ದು ನಿಂತು ಹೀಗೆಂದಾಗ ನಜರ್‌ಬಾದಿನ ಆ ಸಂಜೆಯ ಇಂಗ್ಲಿಷ್ ಕ್ಲಾಸು ಗೊಳ್ಳೆಂದು ನಕ್ಕಿತು. ಎಲ್ಲರಿಗಿಂತ ಜೋರಾಗಿ ನಕ್ಕವನು ಹಿಂದಿನ ಬೆಂಚಿನ ಪ್ರಸನ್ನ, ಕಡಕೊಳದ ಫ್ಯಾಕ್ಟರಿಯ ಸೂಪರ್‌ವೈಸರ್.

ಮೇಷ್ಟ್ರು ಕರಿಬಸವಯ್ಯನವರ ಪದ್ಧತಿಯೇ ಹಾಗೆ. ದಿನಕ್ಕೊಂದು ಹೊಸ ಪದ. ಅದನ್ನಿಟ್ಟುಕೊಂಡು ಪ್ರತಿಯೊಬ್ಬರೂ ತಮ್ಮ ಬಗ್ಗೆಯೇ ಒಂದು ವಾಕ್ಯ ಹೇಳಬೇಕು. ಅಂದಿನ ಪದ ನಾಕ್ಯುಅಸ್, ಅಂದರೆ ಹಾನಿಕರ.

"ಈ ಪದ ಈಗ ಯಾರೂ ಅಷ್ಟಾಗಿ ಬಳಸೋಲ್ಲಮ್ಮ. ಬಳಸಿದ್ರೂ ಹೊಗೆಗೋ ವಿಷಕ್ಕೋ. ಮನುಷ್ಯರಿಗಲ್ಲ," ಎಂದರು ಮೇಷ್ಟ್ರು.

"ನನಗೆ ಸರಿಹೋಗುತ್ತೆ ಸಾರ್..."

ಅಷ್ಟಂದವಳೇ ಬ್ಯಾಗೆತ್ತಿಕೊಂಡು ಹೊರಟುಬಿಟ್ಟಳು. ಮತ್ತೆ ಆ ಕಡೆ ತಲೆ ಹಾಕಲಿಲ್ಲ.

ಅಯ್ಯೋ, ಪ್ರಸನ್ನನೂ ನಕ್ಕುಬಿಟ್ಟನಲ್ಲ! ಅವನನ್ನು ನೋಡಬಹುದೆಂದೇ ಅವಳು ಕ್ಲಾಸು ತಪ್ಪಿಸುತ್ತಿರಲಿಲ್ಲ.

ಇನ್ನೇನು ಮದುವೆ ಅನ್ನುವಾಗ, ಅವಳಿಗೆ ನಿಶ್ಚಯವಾಗಿದ್ದ ಹುಡುಗ ಅಪಘಾತದಲ್ಲಿ ತೀರಿಕೊಂಡಿದ್ದ. ಅವಳ ಕಾಲ್ಗುಣವೇ ಸರಿಯಿಲ್ಲವೆಂದು ನೆಂಟರೆಲ್ಲ ತೀರ್ಪು ಕೊಟ್ಟರು. ಕೊಡುವುದಕ್ಕೇನು, ಅವರ ಗಂಟೇನು ಹೋಗಬೇಕು! ಸ್ವಂತ ಅತ್ತಿಗೆಯೇ ಕೂಸನ್ನು ಅವಳ ಕೈಗೆ ಕೊಡುತ್ತಿರಲಿಲ್ಲ. ಎಸ್‌ಟಿಡಿ ಬೂತಿನಲ್ಲಿ ಕೂತು, ಬೇರೆಯವರ ಮಾತು, ಬೇರೆಯವರ ನಗು ಕೇಳುತ್ತಾ ದಿನ ದೂಡುತ್ತಿದ್ದಳು. ಅವಳನ್ನು ಕೇಳಿಕೊಂಡು ಒಂದು ಫೋನೂ ಬರುತ್ತಿರಲಿಲ್ಲ.

ಒಂದು ಮಧ್ಯಾಹ್ನ ಪ್ರಸನ್ನ ಬೂತಿಗೇ ಬಂದ.

"ಯಾವ ನಂಬರ್ ಬೇಕ್ರೀ?" ಅವಳು ತಲೆಯೆತ್ತಲಿಲ್ಲ.

"ತಮಾಷೆ ಮಾಡ್ತಿದೀರಾ ಅನ್ಕೊಂಡು ನಕ್ಬುಟ್ಟೆ ಕಣ್ರೀ. ಮೇಷ್ಟ್ರು ಆಮೇಲೆ ನಿಮ್ಮ ವಿಷಯ ಎಲ್ಲಾ ಹೇಳಿದ್ರು... ತಪ್ಪಾಯ್ತು. ಭಾನುವಾರ ಕೆಸರೆಗೆ, ನಮ್ಮನೆಗೆ ಬನ್ನಿ. ನನ್ನ ತಂಗಿ ಧರಣಿ ಮಗೂಗೆ ನಾಮಕರಣ. ನೀವೇ ತೊಟ್ಟಿಲಿಗೆ ಹಾಕ್ಬೇಕು."

"ನಾನಾ?! ಹುಚ್ಚು ಹಿಡಿದಿದ್ಯಾ ನಿಮಗೆ? ಕೂಸಿಗೇನಾದ್ರೂ ಆದ್ರೆ?"

"ಧರಣೀನೇ ಹೇಳಿ ಕಳಿಸಿದ್ದು. ನಮ್ಮವ್ವನೂ ಹೂಂ ಅಂದವ್ಳೆ."

ಭಾನುವಾರ ಹೊಸಿಲ ಬಳಿಯೇ ಅವಳ ಕಾಲು ನಿಂತುಹೋಯಿತು. ಧರಣಿ ಎದ್ದುಬಂದು ಮಗುವನ್ನು ಅವಳ ತೋಳಿಗೆ ಹಾಕಿದಳು. ಕೂಸು ಆಕಳಿಸಿ, ಅವಳ ಸೆರಗು ಹಿಡಿದು ನಿದ್ದೆ ಹೋಯಿತು.

'ನಾನು ಮುಟ್ಟಿದೆ... ಏನೂ ಆಗಲಿಲ್ಲವಲ್ಲ!'

ಕೂಸನ್ನು ತೊಟ್ಟಿಲಿಗೆ ಹಾಕಿ ಹೊರಗೆ ಬಂದವಳು ಬಿಕ್ಕಿ ಬಿಕ್ಕಿ ಅತ್ತಳು. ಪ್ರಸನ್ನ ಹಿಂದೆಯೇ ಬಂದ.

"ನಾನೂ ನಿಮ್ಮನ್ನ ನೋಡೋಕೇ ಕ್ಲಾಸಿಗೆ ಬರ್ತಿದ್ದೆ ಕಣ್ರೀ. ನನ್ನ ಮದ್ವೆ ಆಗ್ತೀರಾ?"

"ಭಯ ಆಗುತ್ತೆ... ನನ್ನ ಜೊತೆ ಇದ್ದು ನಿಮಗೇನಾದ್ರೂ ಆದ್ರೆ?"

"ಆಗೇ ಆಗುತ್ತೆ ಕಣ್ರೀ. ತಲೆ ನರೆಯುತ್ತೆ, ಹಲ್ಲು ಬಿದ್ಹೋಗುತ್ತೆ. ಅದನ್ನೆಲ್ಲಾ ಒಬ್ಬೊಬ್ರೇ ಯಾಕೆ ಅನುಭವಿಸೋದು?"

ಅವಳು ಕಣ್ಣೊರೆಸಿಕೊಂಡಳು.

"ಹಲ್ಲು ನಿಮಗೇ ಮೊದಲು ಬೀಳೋದು, ನೋಡ್ತಿರಿ!"