ಉದ್ವಾಸನೆಯಾಗದ ಕಾರು

ಸ್ಟಿಯರಿಂಗ್ ಮೇಲೆ ಒಂದು ಕೆಂಪು ದಾಸವಾಳ ಇತ್ತು.

ಬಾಡಿರಲಿಲ್ಲ. ಅಂದೇ ಬೆಳಿಗ್ಗೆ ಕೊಯ್ದ ಹೂವು...

ಮಾಳವಿಕಾಳ ಕೈ ಕಾರಿನ ಬಾಗಿಲ ಮೇಲೆಯೇ ನಿಂತುಬಿಟ್ಟಿತು. ಮೂರು ವರ್ಷದ ಹಿಂದೆ ತಾನೇ ಎಕ್ಸ್‌ಚೇಂಜಿಗೆ ಕೊಟ್ಟ ಅಪ್ಪನ ಬಿಳಿ ಮಾರುತಿ, ಬಿಟ್ಟಂಗಾಲ ಊರಿನ ಈ ಖಾಲಿ ಕಾಫಿ ಶೆಡ್ಡಿನಲ್ಲಿ ಹೀಗೆ ಹೂವು ಮುಡಿದು ನಿಂತಿರುತ್ತದೆಂದು ಅವಳು ಎಣಿಸಿರಲಿಲ್ಲ.

"ಯಾರದು?"

ಬೆನ್ನ ಹಿಂದಿನಿಂದ ದನಿ ಬಂತು. ಪದ್ಯ ಓದಿ ಓದಿ ತುಂಬಿಕೊಂಡ ಕಂಠ. ತಿರುಗಿ ನೋಡದೆಯೂ ಗೊತ್ತಾಗುವಂಥದ್ದು.

ವಿಷ್ಣುಪ್ರಸಾದ್!

ಯಾರ ಮುಖವನ್ನು ಮತ್ತೆ ನೋಡುವುದಿಲ್ಲ ಎಂದಿದ್ದಳೋ ಅವನೇ, ಕೈಯಲ್ಲಿ ದೀಪದ ಎಣ್ಣೆಯ ಗಿಂಡಿ ಹಿಡಿದು ಬಾಗಿಲಲ್ಲಿ ನಿಂತಿದ್ದ.

"ನೀವಾ..." ಎಂದ. ಅಷ್ಟೇ. ಒಂದು ಕಾಲದಲ್ಲಿ ಅವನು ಅವಳನ್ನು ನೀನು ಎನ್ನುತ್ತಿದ್ದ.

"ಈ ಕಾರಿನ ಓನರ್ ಹತ್ರ ಮಾತಾಡ್ಬೇಕಿತ್ತು."

"ಮಾತಾಡಿ. ನಾನೇ."

ಅವಳ ಅಪ್ಪ, ಗಾಳಿಬೀಡಿನ ನಾಗೇಶ್ವರ ಭಟ್ಟರು, ದೇವಸ್ಥಾನದ ಪೂಜೆಗೆ ಎಷ್ಟು ಹೆಸರಾಗಿದ್ದರೋ ಕಾವ್ಯ ಓದುವುದಕ್ಕೂ ಅಷ್ಟೇ ಹೆಸರಾಗಿದ್ದರು. ಅವರ ಪಾಠಶಾಲೆಯೆಂದರೆ ಈ ಕಾರು. ಗೇರು ಬದಲಾದಂತೆ ರಾಗವೂ ಬದಲಾಗುತ್ತಿತ್ತು. ಪಕ್ಕದ ಸೀಟಿನಲ್ಲಿ ಶಿಷ್ಯ ವಿಷ್ಣುಪ್ರಸಾದ್ ಪದ್ಯ ಒಪ್ಪಿಸಬೇಕು, ಹಿಂದಿನ ಸೀಟಿನಿಂದ ಮಗಳು ಅರ್ಥ ಹೇಳಬೇಕು. ಕನ್ನಡಿಯಲ್ಲಿ ಅವರಿಬ್ಬರ ಕಣ್ಣು ಕೂಡಿದರೆ ಭಟ್ಟರು ಕಂಡೂ ಕಾಣದವರಂತೆ ಮುಂದಿನ ಪದ್ಯಕ್ಕೆ ಹೋಗುತ್ತಿದ್ದರು.

ಮನೆಯ ಕೆಳಗಿನ ತಿರುವಿನಲ್ಲಿ ಅವರ ಹಾರ್ನ್. ಎರಡು ಗಿಡ್ಡ, ಒಂದು ಉದ್ದ. ಅದು ಕೇಳಿತೆಂದರೆ ಮಾಳವಿಕಾ ಕಾಫಿಗೆ ನೀರಿಡುತ್ತಿದ್ದಳು.

ಆಮೇಲೆ ಆ ಮಹಾನವಮಿ ಬಂತು.

ಭಟ್ಟರು ಕಾರಿಗೆ ಕುಂಕುಮ ಹಚ್ಚಿ, ಮನೆಯ ಹೆಸರಿನಲ್ಲಿ ಸಂಕಲ್ಪ ಹೇಳಿ, ದೇವಿಯನ್ನು ಅದರಲ್ಲಿ ಆವಾಹನೆ ಮಾಡಿ ಕರೆದರು. ಹೀಗೆ ಕರೆದ ದೇವರನ್ನು ಮರುದಿನ ಪೂಜಿಸಿ, ಬಡಗು ದಿಕ್ಕಿಗೆ ಒಂದಿಷ್ಟು ಜರುಗಿಸಿ ಕಳುಹಿಸಿಕೊಡಬೇಕು. ಅದೇ ಉದ್ವಾಸನೆ. ಆದರೆ ಆ ಮರುದಿನ ಭಟ್ಟರ ಪಾಲಿಗೆ ಬರಲೇ ಇಲ್ಲ. ಸಂಜೆ ಎದೆ ಹಿಡಿದುಕೊಂಡಿತು. ಅಮ್ಮ ತ್ರಿಪುರಸುಂದರಿ ಗಾಬರಿಯಲ್ಲಿ ತಲೆಸುತ್ತಿ ಬಿದ್ದದ್ದರಿಂದ ಮಾಳವಿಕಾ ಮನೆಯಲ್ಲೇ ಉಳಿದಳು. ವಿಷ್ಣುಪ್ರಸಾದ್ ಒಬ್ಬನೇ ಗುರುಗಳನ್ನು ಮಡಿಕೇರಿಗೆ ಕರೆದುಕೊಂಡು ಹೊರಟ.

ಭಟ್ಟರು ಉಳಿಯಲಿಲ್ಲ. ಕಾರು ತಿರುವಿನಲ್ಲಿ ಕಾಲು ಗಂಟೆ ಸುಮ್ಮನೆ ನಿಂತಿತ್ತೆಂದು ಬಸ್ಸಿನಲ್ಲಿ ಹೋಗಿಬಂದವರು ಹೇಳಿದರು. ನಿಜವೇ ಎಂದು ಅವಳು ವಿಷ್ಣುಪ್ರಸಾದನನ್ನು ಕೇಳಿದಳು. ನಿಜ ಎಂದ. ಯಾಕೆ ಎಂದದ್ದಕ್ಕೆ ತಲೆ ತಗ್ಗಿಸಿದ. ಇನ್ನು ನಿಮ್ಮ ಮುಖ ತೋರಿಸಬೇಡಿ ಎಂದು ಬಾಗಿಲು ಹಾಕಿಕೊಂಡಳು. ಸೂತಕ ಕಳೆದ ವಾರದಲ್ಲೇ ಕಾರನ್ನೂ ಕೊಟ್ಟುಬಿಟ್ಟಳು. ಸೀಟಿನಲ್ಲಿದ್ದ ಅಪ್ಪನ ಗಂಧದ ಪರಿಮಳ ಅವಳಿಗೆ ತಡೆಯಲಾಗುತ್ತಿರಲಿಲ್ಲ.

ಅರ್ಚಕರ ಮಗಳೇ ಉದ್ವಾಸನೆ ಮರೆತಿದ್ದಳು!

ಅಂದಿನಿಂದ ಶುರುವಾಯಿತು ಅದು. ದೀಪ ಹಚ್ಚುವ ಹೊತ್ತಿಗೆ ಹಾರ್ನ್. ಎರಡು ಗಿಡ್ಡ, ಒಂದು ಉದ್ದ. ಓಡಿಹೋಗಿ ನೋಡಿದರೆ ತಿರುವಿನಲ್ಲಿ ಮಂಜು ಮಾತ್ರ. ಕುಟ್ಟ ಊರಿನ ಚಿಕ್ಕಮ್ಮನ ಮನೆಗೆ ಹೋದರೆ ಅಲ್ಲಿಗೂ ಬಂತು. ಮದುವೆಮನೆಯ ಗದ್ದಲದಲ್ಲೂ ಬಂತು. ಅಮ್ಮನಿಗೆ ಕೇಳುತ್ತಿರಲಿಲ್ಲ. ಆದರೂ ಮಗಳು ಬೆಚ್ಚಿದಾಗಲೆಲ್ಲ ಅಮ್ಮ ಅವಳ ಮುಖ ನೋಡಿ ದೇವರ ಕೋಣೆಗೆ ಹೋಗಿಬಿಡುತ್ತಿದ್ದರು. ಕೊನೆಗೆ ಒಂದು ದಿನ ಅಮ್ಮನೇ ಅಂದರು, "ಕರೆದ ದೇವರನ್ನ ಕಳಿಸದೆ ಕೊಟ್ಬಿಟ್ವಲ್ಲೇ ಮಾಳೂ..."

ಆ ರಾತ್ರಿಯೆಲ್ಲ ಮಾಳವಿಕಾಗೆ ನಿದ್ದೆ ಇಲ್ಲ. ಕಾರನ್ನು ವಾಪಸ್ ಕೊಳ್ಳಬೇಕು. ಬೇರೆ ದಾರಿಯಿಲ್ಲ.

ಅದನ್ನು ಹುಡುಕಿಕೊಟ್ಟವರು ಗಾಡಿ ಬ್ರೋಕರ್ ಬೋಜಪ್ಪ. ಟೀಚರ್, ನಿಮಗೆ ಮನೆ ಮುಂದೆ ಹೊಸ ಕಾರು ಇರುವಾಗ ಈ ತಗಡು ಯಾಕೆ, ಕೋಳಿ ಸಾಕಲಿಕ್ಕಾ ಎಂದು ನಕ್ಕಿದ್ದರು. ಓನರ್ ಯಾರಿಗೂ ಕೊಡುವುದಿಲ್ಲ, ನೀವೇ ಕೇಳಿನೋಡಿ ಎಂದರೇ ಹೊರತು ಹೆಸರು ಹೇಳಿರಲಿಲ್ಲ.

ಈಗ ಕೇಳಬೇಕಾದದ್ದು ಇವನನ್ನು... ಇವನ ಕೈಯಿಂದ ಅಪ್ಪನ ಕಾರು ತೆಗೆದುಕೊಳ್ಳುವುದೇ? ಬಿಟ್ಟು ಹೋದರೆ ಆ ಸದ್ದು ಬಿಡುತ್ತದೆಯೇ?

"ಇಷ್ಟು ದಿನ ಹೂವು ಇಡ್ತಿದ್ದೋರು ನೀವಾ?"

"ದಿನಾ. ನೀವು ಕೊಟ್ಟ ಮಾರನೇ ದಿನವೇ ಕೊಂಡ್ಕೊಂಡೆ. ಆವಾಹನೆ ಮಾಡಿದ ಮೇಲೆ ಪೂಜೆ ತಪ್ಪಿಸೋ ಹಾಗಿಲ್ಲ. ಊರೋರು ನನ್ನನ್ನ ನೋಡಿ ಈ ಭಟ್ರಿಗೆ ತಲೆ ಕೆಟ್ಟಿದೆ, ಕಾರಿಗೆ ನೈವೇದ್ಯ ಇಡ್ತಾರೆ ಅಂತಾರೆ. ಅನ್ನಲಿ." ಇಲ್ಲಿಯ ದೇವಸ್ಥಾನದಲ್ಲಿ ಈಗ ಅವನೇ ಅರ್ಚಕ.

"ನೀವೇ ಕಳಿಸಿಕೊಡಬಹುದಿತ್ತಲ್ಲ?"

"ನಿಮ್ಮ ಮನೆ ಹೆಸರಲ್ಲಿ ಕರೆದದ್ದು. ಆ ಮನೆಯೋರ ಕೈ ತಾಗದೆ ಹೇಗೆ ಕಳಿಸ್ಲಿ? ಬಂದು ಕರೆಯೋಣ ಅಂದ್ರೆ... ಮುಖ ತೋರಿಸಬೇಡಿ ಅಂದಿದ್ರಿ."

ಮೂರು ವರ್ಷ. ಒಂದು ದಿನವೂ ತಪ್ಪದೆ!

ಆದರೂ ಆ ಒಂದು ಪ್ರಶ್ನೆ ಕೇಳಲೇಬೇಕಿತ್ತು.

"ಅವತ್ತು ತಿರುವಲ್ಲಿ ಯಾಕೆ ನಿಲ್ಸಿದ್ರಿ?"

ಅವನು ಗಿಂಡಿಯನ್ನು ಕೆಳಗಿಟ್ಟ. ಹೇಳದಿದ್ದರೆ ಆಗದೇ ಎಂದು ಕೇಳಿದ. ಆಗುವುದಿಲ್ಲ ಎಂದಳು.

"ಗುರುಗಳು ಅಲ್ಲೇ ಹೋದ್ರು, ಮಾಳವಿಕಾ. ಮನೆಯಿಂದ ಹೊರಟು ಎರಡು ನಿಮಿಷ ಆಗಿತ್ತಷ್ಟೆ. ನಾನು ಎದೆ ಒತ್ತಿದೆ, ಉಸಿರು ಕೊಟ್ಟೆ. ಯಾರಾದ್ರೂ ಬರ್ಲಿ ಅಂತ ಹಾರ್ನ್ ಹೊಡೆದೆ. ಎರಡು ಗಿಡ್ಡ, ಒಂದು ಉದ್ದ... ನೀನು ಗುರುತು ಹಿಡಿದು ಓಡಿ ಬರ್ತೀಯ ಅಂತ."

ಮಾಳವಿಕಾ ಕಾರಿಗೆ ಒರಗಿದಳು.

ಅವಳಿಗೆ ಆ ಹಾರ್ನ್ ಕೇಳಿತ್ತು. ಅಪ್ಪನಿಗೆ ಹಗುರವಾಯಿತು, ಅರ್ಧ ದಾರಿಯಿಂದಲೇ ಮರಳಿ ಬಂದರು ಎಂದುಕೊಂಡು ನಗುತ್ತಾ ಕಾಫಿಗೆ ನೀರಿಟ್ಟಿದ್ದಳು. ಇದನ್ನು ಅಮ್ಮನಿಗೂ ಹೇಳಿರಲಿಲ್ಲ. ತನಗೆ ತಾನೇ ಹೇಳಿಕೊಂಡಿರಲಿಲ್ಲ.

ಎರಡು ನಿಮಿಷ... ಅದಕ್ಕೂ ಮೊದಲು ಒಂದಿಡೀ ಗಂಟೆ ಕಳೆದಿತ್ತು. ಎದೆ ಉರಿ ಎಂದ ಅಪ್ಪನಿಗೆ, ಉಪವಾಸದ ಗ್ಯಾಸ್ ಎಂದು ಕಷಾಯ ಕುಡಿಸಿ ಮಲಗಿಸಿದವಳು ಅವಳೇ.

"ಅದಕ್ಕೇ ಹೇಳ್ಲಿಲ್ವಾ ನೀವು? ನನ್ನ ತಪ್ಪು ನನಗೆ ಗೊತ್ತಾಗಬಾರ್ದು ಅಂತ?"

ಅವನು ಬಗ್ಗಿ ಗಿಂಡಿಯನ್ನು ಗೋಡೆಯ ಬದಿಗೆ ಸರಿಸಿದ. ಮೂರು ವರ್ಷ ಅವಳ ಸಿಟ್ಟನ್ನು ಹೊತ್ತುಕೊಂಡವನ ಮೌನದ ಅರ್ಥ, ಪದ್ಯಕ್ಕೆಲ್ಲ ಅರ್ಥ ಹೇಳುತ್ತಿದ್ದವಳಿಗೆ ಹೊಳೆದಿರಲೇ ಇಲ್ಲ.

ಅವಳು ಒಮ್ಮೆಲೇ ಬಗ್ಗಿ ಹಾರ್ನ್ ಒತ್ತಿದಳು. ಸದ್ದಿಲ್ಲ. ಮತ್ತೆ ಒತ್ತಿದಳು.

"ಅದು ಅವತ್ತೇ ಸುಟ್ಟು ಹೋಯ್ತು," ಎಂದ ಅವನು ಮೆಲ್ಲಗೆ. "ಅಷ್ಟು ಹೊಡೆದಿದ್ದೆ."

ಹಾಗಾದರೆ ದಿನಾ ಕರೆಯುತ್ತಿದ್ದದ್ದು...?

ಆ ಕ್ಷಣದಲ್ಲಿ ಅವಳು ಅತ್ತಳು. ಅಪ್ಪ ಹೋದ ದಿನ ಅಳದೆ ಉಳಿಸಿಕೊಂಡದ್ದನ್ನೆಲ್ಲ ಅತ್ತಳು.

ಅವನು ಉದ್ವಾಸನೆಯ ಮಂತ್ರ ಹೇಳಿದ. ಅಪ್ಪನದೇ ಸ್ವರ, ಅಪ್ಪ ಉಸಿರು ತೆಗೆದುಕೊಳ್ಳುತ್ತಿದ್ದ ಜಾಗದಲ್ಲೇ ಉಸಿರು. ಅವಳು ಅಕ್ಷತೆ ಹಾಕಿದಳು. ಶೆಡ್ಡಿನ ಬಾಗಿಲು ಬಡಗು ದಿಕ್ಕಿಗೇ ಇತ್ತು. ಗೇರು ಬಿಡಿಸಿ ಇಬ್ಬರೂ ಹಿಂದಿನಿಂದ ಕೈಕೊಟ್ಟರು. ಮೊದಲು ಕಾರು ಮಿಸುಕಲಿಲ್ಲ. ಹೋಗಲು ಮನಸ್ಸಿಲ್ಲದ ನೆಂಟರ ಹಾಗೆ ನಿಂತೇ ಇತ್ತು.

'ಹೋಗಿ ಬಾ ಅಪ್ಪಾ...' ಎಂದಿತು ಅವಳ ಮನಸ್ಸು.

ಚಕ್ರ ಒಂದು ಗೇಣು ಉರುಳಿತು. ಡಿಕ್ಕಿಯ ಮೇಲೆ ಪಕ್ಕಪಕ್ಕದಲ್ಲಿದ್ದ ಎರಡು ಕೈಗಳೂ ಹಾಗೆಯೇ ಉಳಿದವು.

ಹೊರಗೆ ಕತ್ತಲು ಇಳಿಯುತ್ತಿತ್ತು. ದೀಪ ಹಚ್ಚುವ ಹೊತ್ತು. ಮಾಳವಿಕಾ ಉಸಿರು ಬಿಗಿಹಿಡಿದು ಕಾದಳು. ತೋಟದಲ್ಲಿ ಜೀರುಂಡೆ ಕೂಗಿತು. ದೂರದ ಕೂಲಿಯಾಳುಗಳ ಲೈನ್ ಮನೆಗಳ ಕಡೆಯಿಂದ ಯಾರೋ ಮಗುವನ್ನು ಕರೆದರು. ಅಷ್ಟೇ.

ಹೊತ್ತು ಕಳೆಯಿತು. ಹಾರ್ನ್ ಬರಲಿಲ್ಲ.

"ಕಾರು ತಗೊಂಡು ಹೋಗ್ತೀರಾ?" ಅವನು ಕೇಳಿದ. "ನಿಮ್ಮದೇ ಅದು."

ಅವಳು ಸ್ಟಿಯರಿಂಗ್ ಮೇಲಿನ ದಾಸವಾಳವನ್ನು ತೆಗೆದು ಕಣ್ಣಿಗೊತ್ತಿಕೊಂಡಳು. ಈಗ ಅದು ಬರೀ ಕಾರು.

"ಬೇಡ. ಕೇಳೋಕೆ ಬಂದದ್ದು ಅದನ್ನೇ. ಈಗ ಬೇಡ."

ಅವನು ತಲೆಯಾಡಿಸಿದ. ಹೇಳಲೋ ಬೇಡವೋ ಎಂಬಂತೆ, ಗುರುಗಳು ಕೊನೆಗೆ ಒಂದು ಮಾತು ಹೇಳಿದ್ದರು ಎಂದ.

"ಏನಂತೆ?"

"ಮಾಳು ಕಷಾಯಕ್ಕೆ ಮೆಣಸು ಜಾಸ್ತಿ ಹಾಕ್ತಾಳೆ ಮಾರಾಯಾ, ನಾಳೆ ನೀನೇ ಕುಡೀಬೇಕಾದೋನು, ಈಗ್ಲೇ ರೂಢಿ ಮಾಡ್ಕೋ... ಅಂದ್ರು. ನಗ್ತಾನೇ ಇದ್ರು."

ಅಳುವಿನ ನಡುವೆಯೇ ಅವಳಿಗೆ ನಗು ಬಂತು.

"ರೂಢಿ ಮಾಡ್ಕೊಂಡ್ರಾ?"

"ಎಲ್ಲಿ? ಮಾಡಿ ಕೊಡೋರು ಬಾಗಿಲು ಹಾಕ್ಕೊಂಡಿದ್ರು."

ಮಾಳವಿಕಾ ಆ ಹೂವನ್ನು ಅವನ ಅಂಗೈಯಲ್ಲಿಟ್ಟು ಬೆರಳು ಮಡಚಿದಳು.

"ಅಮ್ಮ ಕಾಯ್ತಿರ್ತಾರೆ. ನನ್ನ ಜೊತೆ ಗಾಳಿಬೀಡಿಗೆ ಬಾ, ವಿಷ್ಣು. ಇವತ್ತು ಮೆಣಸು ಕಡಿಮೆ ಹಾಕ್ತೀನಿ."

"ಬೇಡ," ಎಂದ ಅವನು. "ಅಷ್ಟೇ ಹಾಕು."